ಡಿಮಿಟ್ರಿಯಸ್ ಕಣ್ಣಿನ ರಸ ಯಾರೂ ತೆಗೆಯಲಿಲ್ಲ. ಹಾಗಾದರೆ ಹೆಲೆನಾಗೆ ಸಿಕ್ಕಿದ್ದೇನು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಮಕ್ಕಳು ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಕನ್ನಡದಲ್ಲಿ ಆಡುತ್ತಿದ್ದಾರೆ. ಮಾತುಗಳನ್ನು ಕನ್ನಡಕ್ಕೆ ತರುತ್ತಿರುವುದೂ ಅವರೇ. ನಾನು ಪಕ್ಕದಲ್ಲಿ ಕೂತು ತಿದ್ದುತ್ತೇನೆ, ಅಷ್ಟೇ. ನಿನ್ನೆ ರಿಹರ್ಸಲ್ ಮಧ್ಯೆ ಹೆಲೆನಾ ಪಾತ್ರದ ಹುಡುಗಿ ದುಪಟ್ಟಾ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳಿದಳು. ರಾತ್ರಿಯೆಲ್ಲ ಅದೇ ತಲೆಯಲ್ಲಿ ಓಡುತ್ತಿತ್ತು.

ಕಥೆ ಮರೆತವರಿಗೆ ಚುಟುಕಾಗಿ ಹೇಳುತ್ತೇನೆ. ಊರು ಅಥೆನ್ಸ್. ಹರ್ಮಿಯಾಗೆ ಲೈಸಾಂಡರ್ ಮೇಲೆ ಮನಸ್ಸು. ಅವಳಪ್ಪ ಈಜಿಯಸ್‌ಗೆ ಡಿಮಿಟ್ರಿಯಸ್ಸೇ ಅಳಿಯ ಆಗಬೇಕು. ಒಪ್ಪದಿದ್ದರೆ ಸಾವು, ಇಲ್ಲ ಜೀವನಪೂರ್ತಿ ಸನ್ಯಾಸಿನಿ. ಆ ಊರಿನ ಕಾನೂನು ಹಾಗಿದೆ. ಪ್ರೇಮಿಗಳು ರಾತ್ರೋರಾತ್ರಿ ಕಾಡಿಗೆ ಓಡುತ್ತಾರೆ. ಹರ್ಮಿಯಾ ಹಿಂದೆ ಡಿಮಿಟ್ರಿಯಸ್, ಡಿಮಿಟ್ರಿಯಸ್ ಹಿಂದೆ ಹೆಲೆನಾ. ಕಾಡಿನಲ್ಲಿ ಕಿನ್ನರ ರಾಜ ಒಬೆರಾನ್ ಇದ್ದಾನೆ. ಅವನ ಹತ್ತಿರ ಒಂದು ಹೂವು ಇದೆ. ಮಲಗಿದವರ ರೆಪ್ಪೆಗೆ ಅದರ ರಸ ಹಿಂಡಿದರೆ, ಎದ್ದ ಕೂಡಲೇ ಕಂಡವರ ಮೇಲೆ ಪ್ರೀತಿ ಹುಟ್ಟುತ್ತದೆ. ಡಿಮಿಟ್ರಿಯಸ್ ಕಣ್ಣಿಗೆ ಹಿಂಡು ಅಂತ ಕಳಿಸಿದರೆ, ಅವನ ಸೇವಕ ಪಕ್ ಗುರುತು ತಪ್ಪಿ ಲೈಸಾಂಡರ್ ಕಣ್ಣಿಗೆ ಹಿಂಡುತ್ತಾನೆ. ಅದನ್ನು ಸರಿಮಾಡಲು ಹೋಗಿ ಒಬೆರಾನ್ ಡಿಮಿಟ್ರಿಯಸ್ ಕಣ್ಣಿಗೂ ಹಿಂಡುತ್ತಾನೆ. ಈಗ ಇಬ್ಬರೂ ಹೆಲೆನಾ ಹಿಂದೆ! ಜಗಳವಾಡಿದ ತನ್ನ ರಾಣಿ ಟೈಟಾನಿಯಾ ಕಣ್ಣಿಗೂ ಒಬೆರಾನ್ ರಸ ಹಿಂಡಿದ್ದಾನೆ. ಅವಳು ಮರುಳಾಗುವುದು ಪಕ್ ಮಾಯೆಯಿಂದ ಕತ್ತೆ ತಲೆ ಬಂದ ನೇಕಾರ ಬಾಟಮ್ ಮೇಲೆ.

ಹುಡುಗಿ ಕೇಳಿದ್ದು ಇದು: “ಮಿಸ್, ಬೆಳಗಾಗುವ ಹೊತ್ತಿಗೆ ಲೈಸಾಂಡರ್ ಕಣ್ಣಿಗೆ ಮದ್ದು ಹಾಕಿದರು. ಟೈಟಾನಿಯಾ ರಾಣಿಗೂ ಹಾಕಿದರು. ಡಿಮಿಟ್ರಿಯಸ್‌ಗೆ ಮಾತ್ರ ಹಾಕಲೇ ಇಲ್ಲ. ನನ್ನನ್ನು ಪ್ರೀತಿಸುತ್ತಿರುವುದು ಅವನೋ, ಆ ರಸವೋ? ಕೊನೇ ಅಂಕದಲ್ಲಿ ನಾನು ಅವನ ಪಕ್ಕ ಹೇಗೆ ಕೂರಲಿ?”

ನನಗೆ ಉತ್ತರ ಹೊಳೆಯಲಿಲ್ಲ. ನೀವೇನಂತೀರಿ?

ಗಾಳಿಮಾತು

ಹಾಸ್ಯ ನಾಟಕ ಅಲ್ವಾ ಮೇಡಂ. ಕೊನೆಗೆ ಮೂರು ಮದುವೆ ಆಗುತ್ತವೆ, ಎಲ್ಲರೂ ಸುಖವಾಗಿರುತ್ತಾರೆ. ಅಷ್ಟು ಸಾಕು ಅನ್ನಿಸುತ್ತದೆ.

ಹಳೇಪುಸ್ತಕ

ಸಾಕಾಗುವುದಿಲ್ಲ, ಆದರೆ ಹುಡುಗಿ ಅಷ್ಟು ಕಂಗಾಲಾಗುವುದೂ ಬೇಡ. ಮೊದಲ ದೃಶ್ಯವನ್ನೇ ಇನ್ನೊಮ್ಮೆ ಓದಿಸಿ. ರಾಜ ಥೀಸಿಯಸ್ ಎದುರು ಲೈಸಾಂಡರ್ ಒಂದು ಗುಟ್ಟು ಬಿಚ್ಚುತ್ತಾನೆ. ಈ ಡಿಮಿಟ್ರಿಯಸ್ ಮೊದಲು ಹೆಲೆನಾಳ ಹಿಂದೆ ಬಿದ್ದು ಅವಳ ಮನಸ್ಸು ಗೆದ್ದವನು, ಆಮೇಲೆ ಕೈಬಿಟ್ಟವನು ಅಂತ. ಅಂದರೆ ಹರ್ಮಿಯಾ ಬಂದಿದ್ದು ಆಮೇಲೆ.

ಇನ್ನು ನಾಲ್ಕನೇ ಅಂಕದಲ್ಲಿ ಅವನದೇ ಮಾತಿದೆ. ಹರ್ಮಿಯಾ ಮೇಲಿನ ಆಸೆ ಹಿಮದ ಹಾಗೆ ಕರಗಿತು, ಚಿಕ್ಕವನಿದ್ದಾಗ ಮೋಹಿಸಿದ್ದ ಆಟಿಕೆಯ ನೆನಪಿನ ಹಾಗೆ ಕಾಣುತ್ತಿದೆ ಅನ್ನುತ್ತಾನೆ. ಜ್ವರ ಬಂದಾಗ ಊಟ ಸೇರುವುದಿಲ್ಲ, ಜ್ವರ ಇಳಿದ ಮೇಲೆ ಅದೇ ಊಟ ರುಚಿಸುತ್ತದೆ, ನನಗೂ ಹಾಗಾಯಿತು ಅನ್ನುತ್ತಾನೆ. ನನ್ನ ಪ್ರಕಾರ ಹರ್ಮಿಯಾಳ ಮೋಹವೇ ಜ್ವರ. ರಸ ಅವನಿಗೆ ಹೊಸ ಪ್ರೀತಿ ಕೊಡಲಿಲ್ಲ, ಹಳೆಯದನ್ನು ವಾಪಸ್ ಕೊಟ್ಟಿತು.

ನೀಲಿಶಾಯಿ

ಹಳೇಪುಸ್ತಕ ಸರ್, ನಿಮ್ಮ ಮಾತು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ರಸ ಬಿದ್ದವರು ಎಲ್ಲರೂ ಹೀಗೇ ಮಾತಾಡುತ್ತಾರೆ. ಎರಡನೇ ಅಂಕದಲ್ಲಿ ಲೈಸಾಂಡರ್ ಎದ್ದ ತಕ್ಷಣ ಹೆಲೆನಾಗೆ ಏನು ಹೇಳುತ್ತಾನೆ ನೋಡಿ. “ಮನುಷ್ಯನ ಮನಸ್ಸನ್ನು ಆಳುವುದು ವಿವೇಕ. ಹರ್ಮಿಯಾಗಿಂತ ನೀನೇ ಮೇಲು ಅಂತ ನನ್ನ ವಿವೇಕ ಹೇಳುತ್ತಿದೆ.” ಕಣ್ಣಿಗೆ ರಸ ಬಿದ್ದು ಎರಡು ನಿಮಿಷ ಆಗಿಲ್ಲ, ಅವನು ವಿವೇಕದ ಮಾತಾಡುತ್ತಿದ್ದಾನೆ! ಅವನೂ ಕಾರಣ ಕೊಟ್ಟ, ಡಿಮಿಟ್ರಿಯಸ್ಸೂ ಕಾರಣ ಕೊಟ್ಟ. ಒಬ್ಬನದು ಸುಳ್ಳು, ಇನ್ನೊಬ್ಬನದು ನಿಜ ಅಂತ ಹೇಗೆ ನಂಬುವುದು?

ಇನ್ನೊಂದು ಮಾತು. ಇದೇ ಕಾಡಿನಲ್ಲಿ ಇದೇ ಹೆಲೆನಾ ಅವನ ಹಿಂದೆ ಓಡುತ್ತಾ, ನಾನು ನಿನ್ನ ಸಾಕುನಾಯಿ, ನೀನು ಹೊಡೆದಷ್ಟೂ ನಿನ್ನ ಕಾಲಿಗೇ ಬೀಳುತ್ತೇನೆ ಅಂದಿದ್ದಳು. ಅವನು, ನಿನ್ನ ಮುಖ ನೋಡಿದರೆ ನನಗೆ ಕಾಯಿಲೆ ಬರುತ್ತದೆ ಅಂದಿದ್ದ. ಅಂಥವನು ಬೆಳಗಾದ ಮೇಲೆ ಹೇಳುವ ಜ್ವರದ ಕಥೆಯನ್ನು ನಾನಂತೂ ನಂಬುವುದಿಲ್ಲ.

ಹಳೇಪುಸ್ತಕ

ಲೈಸಾಂಡರ್ ಹೆಲೆನಾಳನ್ನು ಮೊದಲು ಎಂದೂ ಪ್ರೀತಿಸಿರಲಿಲ್ಲ. ಡಿಮಿಟ್ರಿಯಸ್ ಪ್ರೀತಿಸಿದ್ದ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನೀಲಿಶಾಯಿ

ಪ್ರೀತಿಸಿದ್ದ ಅನ್ನುವುದಕ್ಕಿಂತ ಪ್ರೀತಿಸುತ್ತೇನೆ ಅಂತ ಆಣೆ ಇಟ್ಟಿದ್ದ ಅನ್ನಿ. ಆಣೆಗಳನ್ನು ಆಲಿಕಲ್ಲಿನ ಹಾಗೆ ಸುರಿಸಿದ, ಹರ್ಮಿಯಾಳ ಬಿಸಿ ತಾಗಿದ್ದೇ ಎಲ್ಲ ಕರಗಿ ಹೋಯಿತು ಅಂತ ಹೆಲೆನಾ ಹೇಳುತ್ತಾಳೆ. ಈಗ ಹರ್ಮಿಯಾ ಮೇಲಿನ ಆಸೆ ಹಿಮದ ಹಾಗೆ ಕರಗಿತು ಅಂತ ಅವನೇ ಅನ್ನುತ್ತಾನೆ. ಅವನ ಪ್ರೀತಿ ಯಾವತ್ತೂ ಕರಗುವ ಪದಾರ್ಥವೇ.

ಸಂಪಿಗೆಮರ

ನಾನು ಸಾಹಿತ್ಯ ಓದಿದವಳಲ್ಲ. ಆದರೆ ಮೇಡಂ ಪ್ರಶ್ನೆ ಓದಿ ನಮ್ಮ ಚಿಕ್ಕಮ್ಮ ನೆನಪಾದರು. ನಿಶ್ಚಿತಾರ್ಥ ಆದ ಮೇಲೆ ಚಿಕ್ಕಪ್ಪ ಬೇರೆ ಹುಡುಗಿ ಬೇಕು ಅಂತ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಆಮೇಲೆ ತಾವಾಗೇ ಬಂದು ಬಾಗಿಲಲ್ಲಿ ನಿಂತರು. ಮದುವೆಯಾಗಿ ಮೂವತ್ತು ವರ್ಷ ಚೆನ್ನಾಗೇ ಬಾಳಿದರು. ಒಮ್ಮೆ ಹಪ್ಪಳ ಒತ್ತುತ್ತಾ ನಾನು ಕೇಳಿದೆ, “ಚಿಕ್ಕಮ್ಮ, ಅವರು ಯಾಕೆ ವಾಪಸ್ ಬಂದರು ಅಂತ ಯಾವತ್ತಾದರೂ ಕೇಳಿದ್ರಾ?” ಅವರು ಲಟ್ಟಣಿಗೆ ನಿಲ್ಲಿಸಲಿಲ್ಲ. “ಕೇಳಿಲ್ಲ ಕಣೆ. ಬಂದರಲ್ಲ ಅಂದುಕೊಂಡೆ. ಆದರೆ ಆ ವರ್ಷ ಮರೆತಿಲ್ಲ” ಅಂದರು.

ನಿಮ್ಮ ಹೆಲೆನಾ ಕೊನೇ ಅಂಕದಲ್ಲಿ ಹಾಗೆ ಕೂರಬಹುದು ಅನ್ನಿಸುತ್ತದೆ.

ತುಂಗಾತೀರ

ಸಂಪಿಗೆಮರ ಅವರೇ, ಇದನ್ನು ಹುಡುಗಿಗೆ ಹಾಗೇ ಓದಿ ಹೇಳುತ್ತೇನೆ.

ಕುಂಡದಗಿಡ

ಸಣ್ಣ ವಿಷಯ. ಆ ಹೂವು ಕಲ್ಪನೆಯದಲ್ಲ, ಕಾಡು ಪ್ಯಾನ್ಸಿ. ಹೆಬ್ಬೆರಳಿನ ಉಗುರಿನಷ್ಟೇ ಇರುತ್ತದೆ. ಒಂದೇ ಹೂವಿನಲ್ಲಿ ನೇರಳೆ, ಬಿಳಿ, ಹಳದಿ ಮೂರೂ ಇರುತ್ತವೆ, ನಡುವೆ ಕಪ್ಪು ಗೆರೆ. ಮನ್ಮಥನ ಬಾಣ ಗುರಿ ತಪ್ಪಿ ಅದಕ್ಕೆ ತಾಗಿತು, ಹಾಲಿನಂತೆ ಬಿಳಿ ಇದ್ದದ್ದು ಗಾಯವಾಗಿ ನೇರಳೆ ಆಯಿತು ಅಂತ ಒಬೆರಾನ್ ಹೇಳುತ್ತಾನೆ. ಚಳಿಗಾಲದಲ್ಲಿ ಬೆಂಗಳೂರಿನ ನರ್ಸರಿಗಳಲ್ಲಿ ಅದರ ದೊಡ್ಡ ಜಾತಿ ಸಿಗುತ್ತದೆ. ವೇದಿಕೆಗೆ ಕಾಗದದ ಹೂವಿನ ಬದಲು ನಿಜವಾದದ್ದನ್ನೇ ಇಡಿ.

ಮಗ್ಗದಮನೆ

ಎಲ್ಲರೂ ಪ್ರೇಮಿಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಬಾಟಮ್‌ನನ್ನು ಯಾಕೆ ಬಿಟ್ಟಿರಿ? ನಾಟಕದ ಜೀವವೇ ಅವನು. ನಮ್ಮದು ನೇಕಾರರ ಮನೆ, ಅದಕ್ಕೆ ನನಗೆ ಅವನ ಮೇಲೆ ಜಾಸ್ತಿ ಅಭಿಮಾನ.

ಅವನ ಹೆಸರಿಗೆ ಎಲ್ಲರೂ ಬೇರೆ ಅರ್ಥ ಹಿಡಿದು ನಗುತ್ತಾರೆ. ಆ ಕಾಲದ ನೇಕಾರರ ಭಾಷೆಯಲ್ಲಿ ಬಾಟಮ್ ಅಂದರೆ ನೂಲು ಸುತ್ತುವ ಒಳಗಿನ ತಿರುಳು. ನಮ್ಮಲ್ಲಿ ಕಂಡಕಿ ಇದೆಯಲ್ಲ, ಲಾಳಿಯೊಳಗೆ ಕೂರುವುದು, ಅದಕ್ಕೆ ಹತ್ತಿರದ್ದು. ಬಾಟಮ್ ಜೊತೆಗಿರುವ ಐವರ ಹೆಸರೂ ಕಸುಬಿನವೇ. ಕ್ವಿನ್ಸ್ ಬಡಗಿ, ಅವನ ಹೆಸರಿನಲ್ಲಿ ಮರದ ಬೆಣೆ ಇದೆ. ಸ್ನಗ್ ಮರ ಜೋಡಿಸುವವನು, ಸ್ನಗ್ ಅಂದರೆ ಬಿಗಿಯಾಗಿ ಕೂರುವುದು. ಸ್ನೌಟ್ ಪಾತ್ರೆಗೆ ತೇಪೆ ಹಾಕುವವನು, ಹೆಸರು ಕೆಟಲಿನ ಮೂತಿ. ಫ್ಲೂಟ್ ತಿದಿ ರಿಪೇರಿಯವನು. ಸ್ಟಾರ್ವ್‌ಲಿಂಗ್ ದರ್ಜಿ, ಬಡಕಲು. ಹಗಲೆಲ್ಲ ಕೈಕೆಲಸ ಮಾಡಿ ರಾತ್ರಿ ನಾಟಕ ಕಲಿಯುವ ಜನ. ರಾಜನ ಮದುವೆಗೆ ನಮ್ಮದೂ ಒಂದು ಆಟ ಇರಲಿ ಅನ್ನುವ ಆಸೆ ಅವರದು. ನಮ್ಮೂರಲ್ಲಿ ಜಾತ್ರೆ ನಾಟಕಕ್ಕೆ ಮಗ್ಗ ನಿಲ್ಲಿಸಿ ಬಣ್ಣ ಹಚ್ಚುವವರನ್ನು ನೋಡಿದ್ದೇನೆ. ನಮ್ಮಪ್ಪ ಲಾಳಿ ಎಸೆಯುತ್ತಾ ಭೀಮನ ಮಾತು ಗಟ್ಟಿ ಮಾಡುತ್ತಿದ್ದರು. ಹಾಸಿಗೊಂದು ಮಾತು, ಹೊಕ್ಕಿಗೊಂದು ಮಾತು.

ಬಾಟಮ್‌ಗೆ ಎಲ್ಲ ಪಾತ್ರವೂ ಬೇಕು. ನಾಯಕನೂ ಅವನೇ, ನಾಯಕಿಯೂ ಅವನೇ, ಸಿಂಹವೂ ಅವನೇ. ಗರ್ಜನೆ ಕೇಳಿ ಹೆಂಗಸರು ಹೆದರಿದರೆ ನಮ್ಮನ್ನೆಲ್ಲ ನೇಣಿಗೆ ಹಾಕುತ್ತಾರೆ ಅಂದಾಗ, ಪಾರಿವಾಳದ ಮರಿ ಹಾಗೆ ಮೆಲ್ಲಗೆ ಗರ್ಜಿಸುತ್ತೇನೆ ಅನ್ನುತ್ತಾನೆ. ನೋಡುವವರು ನಗಲಿ, ಆದರೆ ಆಡುವ ಹುಡುಗ ಆ ಆಸೆಯನ್ನು ಮನಸಾರೆ ನಂಬಿ ಆಡಬೇಕು.

ಗಾಳಿಮಾತು

ಕತ್ತೆ ತಲೆ ಬಂದ ಮೇಲೂ ಅವನು ಗಾಬರಿ ಆಗುವುದಿಲ್ಲ. ನನಗೆ ಅದೇ ಇಷ್ಟ. ರಾಣಿ ಏನು ಬೇಕು ಅಂತ ಕೇಳಿದರೆ ಹುಲ್ಲು, ಓಟ್ಸ್ ಕೇಳುತ್ತಾನೆ.

ಮಗ್ಗದಮನೆ

ಹೌದು. ಕಿನ್ನರರ ಆಳುಗಳಿಗೆ ಒಬ್ಬೊಬ್ಬರಿಗೂ ಹೆಸರು ಕೇಳಿ, ಮನೆತನ ಕೇಳಿ ಮಾತಾಡಿಸುತ್ತಾನೆ. ಜೇಡರಬಲೆ ಅನ್ನುವವನಿಗೆ, ಬೆರಳು ಕೊಯ್ದುಕೊಂಡರೆ ನಿನ್ನ ಹತ್ತಿರ ಬರುತ್ತೇನಪ್ಪ ಅನ್ನುತ್ತಾನೆ. ಗಾಯಕ್ಕೆ ಜೇಡರಬಲೆ ಹಚ್ಚುವುದು ಅಲ್ಲೂ ರೂಢಿ ಇತ್ತು. ಆ ಕಾಡಿನಲ್ಲಿ ಮರ್ಯಾದೆಯಿಂದ ನಡೆದುಕೊಂಡವನು ಅವನೊಬ್ಬನೇ.

ಅರಳಿಕಟ್ಟೆ

ಟೈಟಾನಿಯಾಗೆ ಆಗಿದ್ದು ಅನ್ಯಾಯ ಅಂತ ಯಾರೂ ಹೇಳಲಿಲ್ಲ. ಜಗಳ ಶುರುವಾಗಿದ್ದೇ ಒಂದು ಮಗುವಿಗಾಗಿ. ಆ ಮಗು ನಮ್ಮ ಇಂಡಿಯಾದ್ದು, ನಾಟಕದಲ್ಲೇ ಹಾಗಿದೆ. ಅದರ ತಾಯಿ ಟೈಟಾನಿಯಾಳ ಭಕ್ತೆ. ಮಸಾಲೆ ಘಮದ ಇಂಡಿಯಾದ ಗಾಳಿಯಲ್ಲಿ, ಸಮುದ್ರದ ದಡದ ಮರಳಿನ ಮೇಲೆ ಇಬ್ಬರೂ ಕೂತು ಹಡಗು ನೋಡುತ್ತಿದ್ದರಂತೆ. ಗಾಳಿ ತುಂಬಿ ಉಬ್ಬಿದ ಹಾಯಿಯನ್ನು ನೋಡಿ ನಗುತ್ತಿದ್ದರಂತೆ. ಆ ಬಸುರಿ ಹೆಂಗಸು ಅದೇ ಹಾಯಿಯ ಹಾಗೆ ತೇಲುತ್ತಾ ನಡೆದು ರಾಣಿಗೆ ಚಿಕ್ಕಪುಟ್ಟ ಸಾಮಾನು ತಂದುಕೊಡುತ್ತಿದ್ದಳು. “ಆದರೆ ಅವಳು ಮನುಷ್ಯಳು. ಹೆರಿಗೆಯಲ್ಲಿ ಸತ್ತಳು. ಅವಳಿಗಾಗಿ ಮಗುವನ್ನು ಸಾಕುತ್ತಿದ್ದೇನೆ, ಅವಳಿಗಾಗಿ ಕೊಡುವುದಿಲ್ಲ.” ಇಡೀ ನಾಟಕದಲ್ಲಿ ಇಷ್ಟು ಗಟ್ಟಿಯಾದ ಪ್ರೀತಿಯ ಮಾತು ಇನ್ನೊಂದಿಲ್ಲ. ರಸ ಹಿಂಡಿ, ಕತ್ತೆಯ ಮೇಲೆ ಮರುಳು ಮಾಡಿ, ಆ ಮಗುವನ್ನು ಕಿತ್ತುಕೊಂಡರು. ಎದ್ದ ಮೇಲೆ ಅವಳು ಮಗುವಿನ ಮಾತೇ ಎತ್ತುವುದಿಲ್ಲ. ನನಗೆ ಡಿಮಿಟ್ರಿಯಸ್ ವಿಷಯಕ್ಕಿಂತ ಇದು ಜಾಸ್ತಿ ಚುಚ್ಚುತ್ತದೆ.

ಹಳೇಪುಸ್ತಕ

ಅರಳಿಕಟ್ಟೆ ಅವರ ಮಾತಿಗೆ ನನ್ನ ಎರಡು ಕೈ ಎತ್ತಿದ್ದೇನೆ.

ಇಂಡಿಯಾ ಮಾತು ಬಂದಿದ್ದರಿಂದ ಒಂದು ವಿಷಯ. ಈ ನಾಟಕ ಕನ್ನಡಕ್ಕೆ ಬಂದು ನೂರು ವರ್ಷಕ್ಕೂ ಮೇಲಾಯಿತು. ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರಮೀಳಾರ್ಜುನೀಯ’ ಅಂತ ರೂಪಾಂತರ ಮಾಡಿದರು. ಹೆಸರು ನೋಡಿ, ಎಷ್ಟು ಸರಿಯಾಗಿದೆ. ಮೂಲದಲ್ಲಿ ಥೀಸಿಯಸ್ ಮದುವೆಯಾಗುವುದು ಹಿಪೊಲಿಟಾಳನ್ನು. ಅವಳು ಅಮೆಜಾನ್ ಹೆಂಗಸರ ರಾಣಿ, ಯುದ್ಧದಲ್ಲಿ ಸೋತು ಬಂದವಳು. “ಕತ್ತಿ ಹಿಡಿದು ನಿನ್ನನ್ನು ಒಲಿಸಿಕೊಂಡೆ” ಅಂತ ಅವನೇ ಮೊದಲ ದೃಶ್ಯದಲ್ಲಿ ಹೇಳುತ್ತಾನೆ. ನಮ್ಮ ಜೈಮಿನಿ ಭಾರತದಲ್ಲಿ ಅರ್ಜುನ ಅಶ್ವಮೇಧದ ಕುದುರೆ ಹಿಂದೆ ಹೋಗಿ ಸ್ತ್ರೀರಾಜ್ಯಕ್ಕೆ ಬರುತ್ತಾನೆ, ಅಲ್ಲಿನ ರಾಣಿ ಪ್ರಮೀಳೆ. ಆ ಜೋಡಿಗೆ ಈ ಜೋಡಿ. ಯಕ್ಷಗಾನದ ಪ್ರಮೀಳಾರ್ಜುನ ಪ್ರಸಂಗ ನೋಡಿದವರಿಗೆ ಹಿಪೊಲಿಟಾಳನ್ನು ಬಿಡಿಸಿ ಹೇಳಬೇಕಿಲ್ಲ.

ನೀಲಿಶಾಯಿ

ಇದು ಗೊತ್ತಿರಲಿಲ್ಲ ಸರ್. ಥ್ಯಾಂಕ್ಸ್.

ಪರದೆಹಿಂದೆ

ನಾನು ಹವ್ಯಾಸಿ ತಂಡಗಳಿಗೆ ಬೆಳಕಿನ ಕೆಲಸ ಮಾಡುತ್ತೇನೆ. ತುಂಗಾತೀರ ಮೇಡಂ, ಚಂದ್ರನ ಬಗ್ಗೆ ಹುಷಾರಾಗಿರಿ. ಮೊದಲ ಮಾತಿನಲ್ಲೇ ಥೀಸಿಯಸ್, ಇನ್ನು ನಾಲ್ಕು ದಿನಕ್ಕೆ ಹೊಸ ಚಂದ್ರ ಅನ್ನುತ್ತಾನೆ. ಅಂದರೆ ಅಮಾವಾಸ್ಯೆ ಹತ್ತಿರ, ಕಾಡು ಕತ್ತಲಾಗಿರಬೇಕು. ಆದರೆ ಕಾಡಿನ ತುಂಬ ಬೆಳದಿಂಗಳು! ಒಬೆರಾನ್ ಟೈಟಾನಿಯಾಳನ್ನು ನೋಡಿ ಆಡುವ ಮೊದಲ ಮಾತೇ, ಬೆಳದಿಂಗಳಲ್ಲಿ ಕೆಟ್ಟ ಭೇಟಿ ಅಂತ. ನಾಲ್ಕು ದಿನ ಅಂದವರ ಲೆಕ್ಕವೂ ಸರಿಹೋಗುವುದಿಲ್ಲ, ಒಂದೇ ರಾತ್ರಿ ಕಳೆದು ಮದುವೆ ಬಂದುಬಿಡುತ್ತದೆ. ಸಾಲದ್ದಕ್ಕೆ ಕ್ವಿನ್ಸ್ ಪಂಚಾಂಗ ತೆಗೆದು ಆ ರಾತ್ರಿ ಚಂದ್ರ ಇದ್ದಾನೆ ಅನ್ನುತ್ತಾನೆ. ಇದನ್ನು ತಪ್ಪು ಅನ್ನಬೇಡಿ. ಕನಸಿನಲ್ಲಿ ದಿನದ ಲೆಕ್ಕ ಹೀಗೇ ತಾನೇ ಇರುವುದು. ನಾನಾದರೆ ಕಾಡಿನ ದೃಶ್ಯಕ್ಕೆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದ ಹಾಗೆ ಬಿಡುತ್ತೇನೆ. ಕೊನೇ ಅಂಕದಲ್ಲಿ ಮಾತ್ರ ಸ್ಟಾರ್ವ್‌ಲಿಂಗ್ ಕೈಯಲ್ಲಿ ನಿಜವಾದ ಲಾಟೀನು. ಪಾಪ, ದರ್ಜಿ ಅದನ್ನು ಹಿಡಿದು, ಇದು ಚಂದ್ರ, ನಾನು ಚಂದ್ರನೊಳಗಿನ ಮನುಷ್ಯ, ಇದು ನನ್ನ ಮುಳ್ಳಿನ ಹೊರೆ, ಇದು ನನ್ನ ನಾಯಿ ಅನ್ನುತ್ತಾನಲ್ಲ, ಅಲ್ಲಿ ಉಳಿದ ಲೈಟೆಲ್ಲ ಇಳಿಸಿಬಿಡಿ.

ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ 1970ರಲ್ಲಿ ಈ ನಾಟಕವನ್ನು ಸ್ಟ್ರಾಟ್‌ಫರ್ಡ್‌ನಲ್ಲಿ ಮಾಡಿದಾಗ ಮರ, ಎಲೆ ಏನೂ ಇರಲಿಲ್ಲ. ಮೂರು ಬಿಳಿ ಗೋಡೆ, ಜೋಕಾಲಿಗಳು. ಆ ಹೂವು ಕೂಡ ಕೋಲಿನ ತುದಿಯಲ್ಲಿ ತಿರುಗುವ ತಟ್ಟೆ. ಥೀಸಿಯಸ್ ಮಾಡಿದವರೇ ಒಬೆರಾನ್, ಹಿಪೊಲಿಟಾ ಮಾಡಿದವರೇ ಟೈಟಾನಿಯಾ.

ಗಾಳಿಮಾತು

ಎಲ್ಲರಿಗೂ ಈ ನಾಟಕ ಹಿಡಿಸಿಲ್ಲ ಅನ್ನುವುದೂ ಗೊತ್ತಿರಲಿ. ಸ್ಯಾಮ್ಯುಯಲ್ ಪೀಪ್ಸ್ ಅನ್ನುವವನು 1662ರ ಸೆಪ್ಟೆಂಬರ್ 29ರಂದು ಲಂಡನ್‌ನಲ್ಲಿ ನೋಡಿ, ಇಷ್ಟು ಸಪ್ಪೆಯಾದ ಹುಚ್ಚು ನಾಟಕ ಜನ್ಮದಲ್ಲಿ ಕಂಡಿಲ್ಲ ಅಂತ ಡೈರಿಯಲ್ಲಿ ಬರೆದ. ಕುಣಿತ ಚೆನ್ನಾಗಿತ್ತು ಅಂತಲೂ ಬರೆದ.

ಪಿಯಾನೋಪಾಠ

ನೀವೆಲ್ಲ ಮದುವೆ ಅನ್ನುತ್ತಿದ್ದೀರಿ, ನನಗೆ ಮೆಂಡೆಲ್ಸನ್ ನೆನಪಾದ. 1826ರಲ್ಲಿ, 17 ವರ್ಷದ ಹುಡುಗನಾಗಿದ್ದಾಗ, ಈ ನಾಟಕಕ್ಕೆ ಪೀಠಿಕೆ ಸಂಗೀತ ಬರೆದ. ಕಿನ್ನರರ ಓಡಾಟ ಪಿಟೀಲಿನಲ್ಲಿ ಸಣ್ಣಗೆ ಕೇಳುತ್ತದೆ, ನಡುವೆ ಕತ್ತೆ ಅರಚುವುದೂ ಕೇಳುತ್ತದೆ. ಹದಿನಾರು ವರ್ಷದ ಮೇಲೆ ಉಳಿದ ಸಂಗೀತ ಬರೆದ. ಚರ್ಚ್ ಮದುವೆಗಳಲ್ಲಿ ಈಗಲೂ ನುಡಿಸುವ ವೆಡ್ಡಿಂಗ್ ಮಾರ್ಚ್ ಅದರಲ್ಲಿದೆ, ನಾಲ್ಕನೇ ಅಂಕ ಮುಗಿದು ಐದನೆಯದು ಶುರುವಾಗುವ ಮೊದಲು. ಅಂದರೆ ಹೆಲೆನಾ ಮತ್ತು ಡಿಮಿಟ್ರಿಯಸ್ ಮದುವೆಗೂ ಅದೇ ಸಂಗೀತ. ನಾನು ನೂರು ಸಲ ನುಡಿಸಿದ್ದೇನೆ. ಡಿಮಿಟ್ರಿಯಸ್ ಕಣ್ಣಿನ ವಿಷಯ ಇವತ್ತು ಮೊದಲ ಸಲ ಯೋಚಿಸಿದೆ.

ನೀಲಿಶಾಯಿ

ಕನಸಿನ ಬಗ್ಗೆ ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಹೆಸರಲ್ಲೇ ಕನಸು ಇದ್ದರೂ, ಈ ನಾಟಕದಲ್ಲಿ ನಿಜವಾಗಿ ಕನಸು ಕಂಡು ಹೇಳುವವಳು ಹರ್ಮಿಯಾ ಒಬ್ಬಳೇ. ಹಾವು ಅವಳ ಎದೆ ತಿನ್ನುತ್ತಿರುತ್ತದೆ, ಲೈಸಾಂಡರ್ ಪಕ್ಕದಲ್ಲೇ ಕೂತು ನಗುತ್ತಿರುತ್ತಾನೆ. ಎದ್ದು ನೋಡಿದರೆ ಲೈಸಾಂಡರ್ ಇಲ್ಲ. ಉಳಿದವರಿಗೆಲ್ಲ ಎಚ್ಚರದಲ್ಲೇ ಆದದ್ದು. ಅದನ್ನು ಅವರು ಆಮೇಲೆ ಕನಸು ಅಂದುಕೊಳ್ಳುತ್ತಾರೆ. ಹರ್ಮಿಯಾ ಒಬ್ಬಳೇ ಕನಸಿನಲ್ಲಿ ನಿಜ ನೋಡಿದಳು.

ಮಗ್ಗದಮನೆ

ಬಾಟಮ್ ಕೂಡ ಎದ್ದು ಹೇಳುತ್ತಾನಲ್ಲ. “ಮನುಷ್ಯನ ಕಣ್ಣು ಕೇಳಿಲ್ಲ, ಕಿವಿ ನೋಡಿಲ್ಲ, ಅಂಥ ಕನಸು.” ಬೈಬಲ್ಲಿನ ಮಾತನ್ನು ತಿರುವುಮುರುವು ಮಾಡಿ ಹೇಳುತ್ತಾನೆ. ತಲೆ ಮುಟ್ಟಿ ನೋಡಿಕೊಳ್ಳುತ್ತಾ, ನನಗೇನೋ ಇತ್ತು ಅನ್ನಿಸಿತ್ತು ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತಾನೆ. ನಮ್ಮೂರ ಹುಡುಗರು ಈ ನಾಟಕ ಆಡಿದಾಗ ಅಲ್ಲಿ ಯಾರೂ ನಗಲಿಲ್ಲ. ನಾನಂತೂ ಅತ್ತೆ.

ಪರದೆಹಿಂದೆ

ಮೇಡಂ, ನಿಮ್ಮ ಹುಡುಗಿಯ ಪ್ರಶ್ನೆಗೆ ವಾಪಸ್ ಬರುತ್ತೇನೆ. ಉತ್ತರ ಹೆಲೆನಾಳ ಬಾಯಲ್ಲೇ ಇದೆ. ನಾಲ್ಕನೇ ಅಂಕದಲ್ಲಿ ನಾಲ್ವರೂ ಎದ್ದ ಮೇಲೆ ಹರ್ಮಿಯಾ, ಎಲ್ಲವೂ ಎರಡೆರಡಾಗಿ ಕಾಣುತ್ತಿದೆ ಅನ್ನುತ್ತಾಳೆ. ಆಗ ಹೆಲೆನಾ ಹೇಳುತ್ತಾಳೆ, “ನನಗೂ ಹಾಗೇ. ಡಿಮಿಟ್ರಿಯಸ್ ನನಗೆ ದಾರಿಯಲ್ಲಿ ಸಿಕ್ಕ ಒಡವೆ. ನನ್ನದು, ನನ್ನದಲ್ಲದ್ದು.” ಅವಳಿಗೆ ಗೊತ್ತಿದೆ! ರಸದ ವಿಷಯ ಗೊತ್ತಿಲ್ಲ, ಆದರೆ ಗೊತ್ತಿದೆ.

ಇನ್ನೂ ಒಂದಿದೆ. ಐದನೇ ಅಂಕವನ್ನು ಎಣಿಸಿ ನೋಡಿ. ಬಾಟಮ್ ತಂಡದವರು ಆಡುವ ‘ಪಿರಮಸ್ ಮತ್ತು ಥಿಸ್ಬಿ’ ನಾಟಕ ನಡೆಯುವಾಗ ಥೀಸಿಯಸ್, ಡಿಮಿಟ್ರಿಯಸ್, ಲೈಸಾಂಡರ್ ಮೂವರೂ ತಮಾಷೆ ಮಾಡುತ್ತಲೇ ಇರುತ್ತಾರೆ. ಹಿಪೊಲಿಟಾ ಕೂಡ ಮಾತಾಡುತ್ತಾಳೆ. ಹರ್ಮಿಯಾ ಮತ್ತು ಹೆಲೆನಾಗೆ ಒಂದೇ ಒಂದು ಮಾತಿಲ್ಲ. ಇಡೀ ಅಂಕ ಸುಮ್ನೆ ಕೂತಿರುತ್ತಾರೆ. ಎದುರಿಗೆ ಅಪ್ಪಂದಿರ ಜಗಳದಿಂದ ಸತ್ತ ಪ್ರೇಮಿಗಳ ಕಥೆ, ಗೋಡೆಯ ಬಿರುಕಿನಲ್ಲಿ ಪಿಸುಮಾತು. ಹಿಂದಿನ ರಾತ್ರಿ ಅದು ಅವರದೇ ಕಥೆ ಆಗಬಹುದಿತ್ತು. ಗಂಡಸರು ನಗುತ್ತಾರೆ, ಇವರಿಬ್ಬರೂ ನಗುತ್ತಾರೋ ಇಲ್ಲವೋ ಶೇಕ್ಸ್‌ಪಿಯರ್ ಬರೆದಿಲ್ಲ. ಅದು ನಿಮ್ಮ ಹುಡುಗಿಗೇ ಬಿಟ್ಟ ಜಾಗ.

ಹಳೇಪುಸ್ತಕ

‘ನನ್ನದು, ನನ್ನದಲ್ಲದ್ದು.’ ಈ ಮಾತನ್ನು ನಾನು ಓದಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ನೀಲಿಶಾಯಿ ಅವರೇ, ನಿಮ್ಮ ಕಡೆಗೆ ಅರ್ಧ ಬಂದಿದ್ದೇನೆ. ಇನ್ನರ್ಧ ಬರುವುದಿಲ್ಲ. ಹಿಪೊಲಿಟಾ ಹೇಳುವುದನ್ನು ಮರೆಯಬೇಡಿ. ಥೀಸಿಯಸ್, ಹುಚ್ಚ, ಪ್ರೇಮಿ, ಕವಿ ಮೂವರೂ ಕಲ್ಪನೆಯ ಮುದ್ದೆಗಳು ಅಂತ ತಳ್ಳಿಹಾಕಿದಾಗ, ಅವಳು ಒಪ್ಪುವುದಿಲ್ಲ. ನಾಲ್ವರೂ ಒಂದೇ ಕಥೆ ಹೇಳುತ್ತಿದ್ದಾರೆ, ನಾಲ್ವರ ಮನಸ್ಸೂ ಒಟ್ಟಿಗೆ ಬದಲಾಗಿದೆ, ಇದು ಬರೀ ಭ್ರಮೆ ಅಲ್ಲ, ಗಟ್ಟಿಯಾದದ್ದೇನೋ ಇದೆ ಅನ್ನುತ್ತಾಳೆ.

ನೀಲಿಶಾಯಿ

ಅರ್ಧ ಸಾಕು ಸರ್.

ತುಂಗಾತೀರ

ಇವತ್ತಿನ ರಿಹರ್ಸಲ್ ಮುಗಿಸಿ ಈಗ ಬಂದೆ. ಹುಡುಗಿಗೆ ಎಲ್ಲವನ್ನೂ ಓದಿ ಹೇಳಿದೆ. ಚಿಕ್ಕಮ್ಮನ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೂರನೇ ಅಂಕದ ಹಾಳೆ ತೆಗೆದಳು. ಕಾಡಿನಲ್ಲಿ ಹೆಲೆನಾ ಹರ್ಮಿಯಾಗೆ ಹೇಳುವ ಮಾತಿದೆಯಲ್ಲ, ನಾವಿಬ್ಬರೂ ಒಂದೇ ದಿಂಬಿನ ಮೇಲೆ ಕೂತು, ಒಂದೇ ಬಟ್ಟೆಯ ಮೇಲೆ ಒಂದೇ ಹೂವು ಕಸೂತಿ ಹಾಕುತ್ತಾ, ಒಂದೇ ಹಾಡು ಹಾಡುತ್ತಿದ್ದೆವು ಅಂತ. ಆ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನನಗೆ ತೋರಿಸಿದಳು.

ಕೊನೇ ಅಂಕಕ್ಕೆ ನಾವು ಮೂರು ಜೋಡಿ ಕುರ್ಚಿ ಇಟ್ಟಿದ್ದೆವು. ಅವಳು ಡಿಮಿಟ್ರಿಯಸ್ ಪಕ್ಕದ ಕುರ್ಚಿಗೆ ಹೋದಳು, ಹೂಮಾಲೆ ಸರಿಮಾಡಿಕೊಂಡಳು, ಅವನನ್ನು ನೋಡಿ ನಕ್ಕಳು. ಒಳ್ಳೆಯ ನಗುವೇ. ಥಿಸ್ಬಿ ಸಾಯುವ ಹೊತ್ತಿಗೆ ಮೆಲ್ಲಗೆ ಎದ್ದು, ನೆಲದ ಮೇಲಿದ್ದ ದಿಂಬಿನ ಮೇಲೆ ಹರ್ಮಿಯಾ ಪಕ್ಕ ಹೋಗಿ ಕೂತಳು. ಹರ್ಮಿಯಾ ಹುಡುಗಿಗೆ ನಾವೇನೂ ಹೇಳಿರಲಿಲ್ಲ, ಅವಳಾಗೇ ಜರುಗಿ ಜಾಗ ಕೊಟ್ಟಳು. ಡಿಮಿಟ್ರಿಯಸ್ ಹುಡುಗ ಖಾಲಿ ಕುರ್ಚಿ ಕಡೆ ಒಂದು ಸಲ ತಿರುಗಿ ನೋಡಿದ. ಅದನ್ನೂ ಹಾಗೇ ಉಳಿಸಿಕೊಂಡಿದ್ದೇವೆ.

ಕತ್ತೆ ತಲೆ ಇನ್ನೂ ಆಗಿಲ್ಲ. ಬಿದಿರಿನ ಸೀಳು, ಗೋಣಿಚೀಲ ತಂದಿದ್ದೇವೆ, ಕಿವಿ ನಿಲ್ಲುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ.

ಪರದೆಹಿಂದೆ

ಕಿವಿಯೊಳಗೆ ತಂತಿ ಹಾಕಿ ಮೇಲೆ ಗೋಣಿ ಹೊಲಿಯಿರಿ. ಬಾಯಿ ಮುಚ್ಚಬೇಡಿ, ಹುಡುಗನ ಗಲ್ಲ, ಬಾಯಿ ಕಾಣಬೇಕು. ಇಲ್ಲದಿದ್ದರೆ ಮಾತು ಕೇಳಿಸುವುದಿಲ್ಲ.

ಮಗ್ಗದಮನೆ

ಮೇಡಂ, ನಮ್ಮಪ್ಪನ ಹಳೇ ಲಾಳಿ ಒಂದು ಮನೆಯಲ್ಲಿದೆ. ಬಾಟಮ್ ಹುಡುಗನಿಗೆ ಬೇಕಾ? ಪಾರ್ಸಲ್ ಮಾಡುತ್ತೇನೆ.

ತುಂಗಾತೀರ

ಬೇಕು. ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನಂತೆ. ಕಂಡಕಿ ಸಮೇತ ಕಳಿಸಿ, ನೂಲು ಹಾಗೇ ಇರಲಿ.